ಎರಡಡಿ ಅಗಲದ ಹಾಸಿಗೆ: ಊರಿಗೆ ಹೋಗುವ ಗಾಡಿಯಲ್ಲಿ ಮಲಗುವ ಬಗೆ

'ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ' ಎಂಬ ಗಾದೆಯನ್ನು ನಾವೆಲ್ಲ ಕೇಳಿದ್ದೇವೆ. ಆದರೆ ಹೌರಾದಲ್ಲಿ ಗಾಡಿ ಹತ್ತಿ ಊರಿನ ಕಡೆಗೆ ಮುಖ ಮಾಡುವ ನಮ್ಮವರಲ್ಲಿ ಚಿಂತೆಯಿಲ್ಲದವರು ಎಷ್ಟು ಮಂದಿ? ಒಬ್ಬರಿಗೆ ತಂಗಿಯ ಮದುವೆ, ಇನ್ನೊಬ್ಬರಿಗೆ ತಂದೆಯ ಕಾಯಿಲೆ, ಮತ್ತೊಬ್ಬರಿಗೆ ಜಮೀನಿನ ಪಾಲಿನ ವ್ಯವಹಾರ. ಕಲ್ಕತ್ತೆಯಿಂದ ಬೆಂಗಳೂರಿಗೆ ರೈಲುದಾರಿ ಎರಡು ಸಾವಿರ ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ಗಾಡಿಯನ್ನು ನೋಡಿಕೊಂಡು ಒಂದು ರಾತ್ರಿಯೋ ಎರಡು ರಾತ್ರಿಯೋ ದಾರಿಯಲ್ಲೇ ಕಳೆಯಬೇಕು. ಬಳ್ಳಾರಿ, ಗದಗ, ಹುಬ್ಬಳ್ಳಿಯ ಕಡೆಯವರು ಹಿಡಿಯುವ ಅಮರಾವತಿ ಎಕ್ಸ್‌ಪ್ರೆಸ್ಸಿನದೂ ದೀರ್ಘ ಪ್ರಯಾಣವೇ. ಹೋಗುವಾಗ ಎರಡು, ಬರುವಾಗ ಎರಡು ಎಂದು ಎಣಿಸಿದರೆ, ಹತ್ತು ದಿನದ ರಜೆಯಲ್ಲಿ ನಾಲ್ಕು ರಾತ್ರಿಗಳು ಹಳಿಯ ಮೇಲೆಯೇ ಮುಗಿಯುತ್ತವೆ.

ಈ ನಾಲ್ಕು ರಾತ್ರಿಗಳ ನಿದ್ರೆ ಕೆಟ್ಟರೆ ನಷ್ಟವೇನೆಂದು ಕೇಳಬಹುದು. ರಜೆ ಮುಗಿಸಿ ಬೆಳಿಗ್ಗೆ ಹೌರಾದಲ್ಲಿ ಇಳಿದವನು ಅದೇ ಮಧ್ಯಾಹ್ನ ಯಂತ್ರದ ಮುಂದೆ ನಿಲ್ಲಬೇಕಾದೀತು; ಲೆಕ್ಕದ ಪುಸ್ತಕ ಬರೆಯುವವನು ಅದೇ ದಿನ ಕಚೇರಿಗೆ ಹೋಗಬೇಕಾದೀತು. ಯಂತ್ರದ ಮುಂದೆ ತೂಕಡಿಸಿದರೆ ಕೈಗೆ ಅಪಾಯ, ಲೆಕ್ಕದ ಮುಂದೆ ತೂಕಡಿಸಿದರೆ ಅನ್ನಕ್ಕೆ ಅಪಾಯ. ಕಾಯಿಲೆಯ ತಂದೆಯ ಬಳಿಗೆ ಹೋದವನಂತೂ ಗಾಡಿ ಇಳಿದ ಕೂಡಲೇ ಆಸ್ಪತ್ರೆಯಲ್ಲಿ ರಾತ್ರಿ ಕಾಯುವವನಾಗುತ್ತಾನೆ. ಆದುದರಿಂದ ಗಾಡಿಯ ನಿದ್ರೆ ಸುಖಕ್ಕಾಗಿ ಮಾತ್ರವಲ್ಲ, ಮರುದಿನದ ಕೆಲಸಕ್ಕಾಗಿಯೂ ಬೇಕು.

ಇಕ್ಕಟ್ಟಾದ ಜಾಗದಲ್ಲಿ ನಿದ್ರೆ ಬರುವುದು ಹಾಸಿಗೆಯ ಮೆತ್ತಗಿನಿಂದಲ್ಲ, ಕತ್ತಲಾಗುವುದಕ್ಕೆ ಮುಂಚೆ ಮಾಡಿಕೊಂಡ ಏರ್ಪಾಟಿನಿಂದ. ಯಾರು ಎಲ್ಲಿ ಮಲಗುವುದು, ಯಾವಾಗ ಮಲಗುವುದು, ಯಾವ ಸಾಮಾನು ಕೈಗೆಟುಕಬೇಕು ಎಂಬುದನ್ನು ಬೆಳಕಿರುವಾಗಲೇ ತೀರ್ಮಾನಿಸಿದವರಿಗೆ ಎರಡಡಿ ಹಲಗೆಯೂ ಸಾಕಾಗುತ್ತದೆ.

ಹಲಗೆಯ ಕಥೆ

ಹಗಲು ಕೂರುವ ಜಾಗವೇ ರಾತ್ರಿ ಮಲಗುವ ಜಾಗವಾಗಬೇಕೆಂಬ ಉಪಾಯ ಹಳೆಯದು. ಅಮೆರಿಕದ ಜಾರ್ಜ್ ಪುಲ್‌ಮನ್ ೧೮೬೦ರ ದಶಕದಲ್ಲಿ ಕಟ್ಟಿಸಿದ ಮಲಗುವ ಡಬ್ಬಿಗಳಲ್ಲಿ ಮೇಲಿನ ಬರ್ತನ್ನು ಹಗಲಿನಲ್ಲಿ ಚಾವಣಿಯ ಕಡೆಗೆ ಮಡಚಿಡುತ್ತಿದ್ದರು. ಕೆಳಗಿನ ಆಸನಗಳನ್ನೇ ಜೋಡಿಸಿ ಹಾಸಿಗೆ ಮಾಡುತ್ತಿದ್ದರು. ಜರ್ಮನಿಯ ವೆಸ್ಟ್‌ಫಾಲಿಯಾ ಕಾರ್ಖಾನೆಯವರು ೧೯೫೧ರಲ್ಲಿ ಇದೇ ಉಪಾಯವನ್ನು ಫೋಕ್ಸ್‌ವ್ಯಾಗನ್ ವ್ಯಾನಿನೊಳಗೆ ತಂದರು. ಆಸನ ಬಿಚ್ಚಿದರೆ ಹಾಸಿಗೆ, ಮಡಚಿದರೆ ಕುಳಿತು ಊಟ ಮಾಡುವ ಜಾಗ. ಸಂಸಾರ ಸಮೇತ ವ್ಯಾನಿನಲ್ಲೇ ಊರೂರು ಸುತ್ತುವವರು ಇಂದಿಗೂ ಈ ಬಗೆಯ ಏರ್ಪಾಟನ್ನೇ ಇಟ್ಟುಕೊಳ್ಳುತ್ತಾರೆ.

ನಮ್ಮ ದೇಶದ ಬಡ ಪ್ರಯಾಣಿಕನಿಗೆ ಬಹುಕಾಲ ಬರಿಯ ಮರದ ಹಲಗೆಯೇ ಗತಿಯಾಗಿತ್ತು. ಮೂರನೆಯ ದರ್ಜೆಯೆಂಬ ಹೆಸರು ೧೯೭೪ರಲ್ಲಿ ಹೋಯಿತು. ಹಲಗೆ ಮಾತ್ರ ಹಾಗೆಯೇ ಉಳಿಯಿತು. ೧೯೭೭ರಲ್ಲಿ ರೈಲ್ವೆ ಮಂತ್ರಿಗಳಾದ ಮಧು ದಂಡವತೆಯವರು ಎರಡನೆಯ ದರ್ಜೆಯ ಮಲಗುವ ಹಲಗೆಗೆ ಎರಡು ಅಂಗುಲದ ಸ್ಪಂಜಿನ ಮೆತ್ತೆ ಹಾಕಿಸುವ ಏರ್ಪಾಟು ಮಾಡಿದರು. ಅವರು ಮುಂಬಯಿಯಲ್ಲಿ ಭೌತಶಾಸ್ತ್ರದ ಅಧ್ಯಾಪಕರಾಗಿದ್ದವರು. ಆ ಸುಧಾರಣೆಯ ಕಾಲದಲ್ಲಿಯೇ, ೧೯೭೭ರ ಡಿಸೆಂಬರ್ ೨೬ರಂದು, ಮುಂಬಯಿಗೂ ನಮ್ಮ ಹೌರಾಕ್ಕೂ ನಡುವೆ ಗೀತಾಂಜಲಿ ಎಕ್ಸ್‌ಪ್ರೆಸ್ ಆರಂಭವಾಯಿತು. ರವೀಂದ್ರರ ಕೃತಿಯ ಹೆಸರು ಹೊತ್ತ ಆ ಗಾಡಿಯಲ್ಲಿ ಆಗ ಮೊದಲನೆಯ ದರ್ಜೆಯೇ ಇರಲಿಲ್ಲ. ಎಲ್ಲರಿಗೂ ಒಂದೇ ದರ್ಜೆ. ಇಂದು ನಾವು ಬೆನ್ನು ಚಾಚುವ ಮೆತ್ತೆಯ ಹಿಂದೆ ಈ ಇತಿಹಾಸವಿದೆ.

ಬರ್ತಿನ ಲೆಕ್ಕ

ಮೂರಂತಸ್ತಿನ ಡಬ್ಬಿಯಲ್ಲಿ ಒಂದೊಂದು ಗೂಡಿಗೆ ಎಂಟು ಬರ್ತುಗಳು. ಹಳೆಯ ಮಾದರಿಯ ಸ್ಲೀಪರ್ ಡಬ್ಬಿಯಲ್ಲಿ ೭೨, ಹೊಸ ಎಲ್.ಎಚ್.ಬಿ. ಡಬ್ಬಿಯಲ್ಲಿ ೮೦. ನಿಮ್ಮ ಬರ್ತು ಯಾವುದೆಂದು ತಿಳಿಯಲು ಸಂಖ್ಯೆಯನ್ನು ೮ರಿಂದ ಭಾಗಿಸಿ. ಶೇಷ ೧ ಅಥವಾ ೪ ಆದರೆ ಕೆಳಗಿನದು. ೨ ಅಥವಾ ೫ ಆದರೆ ನಡುವಿನದು. ೩ ಅಥವಾ ೬ ಆದರೆ ಮೇಲಿನದು. ೭ ಆದರೆ ಪಕ್ಕದ ಕೆಳಗಿನದು. ಶೇಷವೇ ಇಲ್ಲದಿದ್ದರೆ ಪಕ್ಕದ ಮೇಲಿನದು. ಉದಾಹರಣೆಗೆ ೪೫ನೆಯ ಬರ್ತು: ಎಂಟೈದಲ ನಲವತ್ತು, ಉಳಿದದ್ದು ೫, ಆದುದರಿಂದ ನಡುವಿನದು.

ಯಾರಿಗೆ ಯಾವುದು ಒಳ್ಳೆಯದು? ವಯಸ್ಸಾದವರಿಗೆ, ಗರ್ಭಿಣಿಯರಿಗೆ, ರಾತ್ರಿ ಎರಡು ಮೂರು ಸಲ ಏಳುವವರಿಗೆ ಕೆಳಗಿನದೇ ಸರಿ. ಹಗಲಿನಲ್ಲೂ ಮಲಗಬೇಕೆನ್ನುವವರಿಗೆ, ರಾತ್ರಿ ಪಾಳಿ ಮುಗಿಸಿ ನೇರವಾಗಿ ಗಾಡಿ ಹತ್ತುವವರಿಗೆ ಮೇಲಿನದು ಉತ್ತಮ, ಅಲ್ಲಿಂದ ಎಬ್ಬಿಸುವವರಿಲ್ಲ. ಆದರೆ ಬೇಸಿಗೆಯಲ್ಲಿ ಬಿಸಿಲು ಕಾದ ಚಾವಣಿ ಮೇಲಿನವನ ಮೈಯನ್ನೇ ಬೇಯಿಸುತ್ತದೆಂಬುದನ್ನು ಮರೆಯಬಾರದು. ಪಕ್ಕದ ಬರ್ತುಗಳು ಉದ್ದದಲ್ಲಿ ಸ್ವಲ್ಪ ಮೋಟು. ಆಳು ಎತ್ತರವಾಗಿದ್ದರೆ ಅವುಗಳನ್ನು ಕೇಳದಿರುವುದು ಲೇಸು. ಗಾಡಿಯ ಚಕ್ರಗಳು ಡಬ್ಬಿಯ ಎರಡೂ ತುದಿಗಳ ಕಡೆಗಿರುವುದರಿಂದ ಕುಲುಕಾಟ ಅಲ್ಲಿ ಹೆಚ್ಚು. ಪಾಯಖಾನೆ, ಬಾಗಿಲುಗಳ ಗದ್ದಲವೂ ಅಲ್ಲಿಯೇ. ನಡುಭಾಗದ ಗೂಡುಗಳಲ್ಲಿ ನಿದ್ರೆ ನೆಟ್ಟಗೆ ಬರುತ್ತದೆ.

೬೦ ವರ್ಷ ತುಂಬಿದ ಗಂಡಸರಿಗೂ ೪೫ ತುಂಬಿದ ಹೆಂಗಸರಿಗೂ ಕೆಳಗಿನ ಬರ್ತಿನಲ್ಲಿ ಮೀಸಲು ಪಾಲುಂಟು. ಆದರೆ ಇದು ಒಬ್ಬರೋ ಇಬ್ಬರೋ ಹಿರಿಯರು ಮಾತ್ರ ಇರುವ ಟಿಕೇಟಿಗೆ ಅನ್ವಯ. ತಾಯಿಯ ಹೆಸರನ್ನು ನಾಲ್ಕಾರು ಕಿರಿಯರ ಜೊತೆಯಲ್ಲಿ ಸೇರಿಸಿದರೆ ಆ ಪಾಲು ತಪ್ಪಿಹೋಗುತ್ತದೆ. ಊರಿನಿಂದ ಅಮ್ಮನನ್ನು ಕರೆತರುವವರು ಇದನ್ನು ಗಮನದಲ್ಲಿಡಬೇಕು. ಮೇಲಿನ ಬರ್ತು ಸಿಕ್ಕಿದ ಹಿರಿಯರಿಗೆ, ಗಾಡಿ ಹೊರಟ ಮೇಲೆ ಕೆಳಗಿನದು ಖಾಲಿಯಿದ್ದರೆ ಟಿ.ಟಿ.ಇ.ಯವರು ಕೊಡಬಹುದು, ವಿನಯದಿಂದ ಕೇಳಿದರೆ ತಪ್ಪಿಲ್ಲ. ಮುಂಗಡ ಟಿಕೇಟಿನ ಅವಧಿ ೨೦೨೪ರ ನವೆಂಬರ್ ೧ರಿಂದ ೬೦ ದಿನಕ್ಕೆ ಇಳಿದಿದೆ. ದಸರೆ, ದೀಪಾವಳಿಗೆ ಹೋಗುವವರು ಆ ದಿನವನ್ನು ಗೋಡೆಯ ಪಂಚಾಂಗದಲ್ಲಿ ಗುರುತು ಹಾಕಿಕೊಳ್ಳಲಿ.

ಬೆಳಕಿರುವಾಗಲೇ ಒಪ್ಪಂದ

ಗೂಡಿನಲ್ಲಿ ಜಗಳವೇಳುವುದು ಬಹುಮಟ್ಟಿಗೆ ನಡುವಿನ ಬರ್ತಿನ ದೆಸೆಯಿಂದ. ಅದನ್ನು ಬಿಡಿಸಿದರೆ ಕೆಳಗಿನವರು ನೆಟ್ಟಗೆ ಕೂರುವಂತಿಲ್ಲ. ಬಿಡಿಸದಿದ್ದರೆ ನಡುವಿನವನಿಗೆ ಮಲಗಲು ಎಡೆಯಿಲ್ಲ. ರೈಲ್ವೆಯವರ ನಿಯಮ ಸ್ಪಷ್ಟವಾಗಿದೆ. ರಾತ್ರಿ ೧೦ರಿಂದ ಬೆಳಿಗ್ಗೆ ೬ರವರೆಗೆ ಮಲಗುವ ಹೊತ್ತು. ಮಿಕ್ಕ ವೇಳೆಯಲ್ಲಿ ಕೂರುವ ಹೊತ್ತು. ಪಕ್ಕದ ಮೇಲಿನ ಬರ್ತಿನವನಿಗೆ ಹಗಲಿನಲ್ಲಿ ಕೆಳಗೆ ಕೂರುವ ಹಕ್ಕುಂಟು; ಆ ಎಂಟು ಗಂಟೆ ಮಾತ್ರ ಇಲ್ಲ. ಕಾಯಿಲೆಯವರು, ಬಸುರಿಯರು ಹಗಲಿನಲ್ಲೂ ಮಲಗಬೇಕಾದರೆ ಉಳಿದವರು ಅನುಸರಿಸಿಕೊಳ್ಳುವುದು ಮನುಷ್ಯಧರ್ಮ.

ನಿಯಮ ಗೊತ್ತಿದ್ದ ಮಾತ್ರಕ್ಕೆ ಕೆಲಸವಾಗದು. ಗಾಡಿ ಹೊರಟ ಮೊದಲ ಗಂಟೆಯಲ್ಲಿಯೇ, "ದಾದಾ, ತಾವು ಎಷ್ಟು ಹೊತ್ತಿಗೆ ಮಲಗುತ್ತೀರಿ? ಎಲ್ಲಿ ಇಳಿಯುತ್ತೀರಿ?" ಎಂದು ಎದುರಿನವರನ್ನು ಕೇಳಿಬಿಡಬೇಕು. ವಯಸ್ಸಾದ ಬಂಗಾಳಿ ತಾಯಿಯನ್ನು "ಮಾಶಿಮಾ" ಎಂದು ಕರೆದರೆ ಅರ್ಧ ಕೆಲಸ ಆಯಿತೆಂದೇ ತಿಳಿಯಿರಿ. ನಡುರಾತ್ರಿ ವಿಶಾಖಪಟ್ಟಣದಲ್ಲೋ ವಿಜಯವಾಡದಲ್ಲೋ ಇಳಿಯುವವರಿದ್ದರೆ ಅವರ ಪೆಟ್ಟಿಗೆ ಎಲ್ಲಕ್ಕಿಂತ ಮುಂದೆ ಇರಲಿ. ಆಗ ಅದನ್ನು ಎಳೆಯಲು ಎಲ್ಲರನ್ನೂ ಎಬ್ಬಿಸುವ ಪ್ರಮೇಯ ಬಾರದು.

ಸ್ಲೀಪರ್ ದರ್ಜೆಯಲ್ಲಿ ಒಬ್ಬರಿಗೆ ೪೦ ಕಿಲೋಗ್ರಾಂ ಸಾಮಾನು ಉಚಿತ. ಆದರೆ ನಿದ್ರೆಯ ದೃಷ್ಟಿಯಿಂದ ನೋಡಿದರೆ ತೂಕಕ್ಕಿಂತ ಜೋಡಣೆ ಮುಖ್ಯ. ಸಾಮಾನನ್ನು ಮೂರು ಪಾಲು ಮಾಡಿ. ಊರು ಮುಟ್ಟುವ ತನಕ ಬೇಡವಾದದ್ದು ದೊಡ್ಡ ಪೆಟ್ಟಿಗೆಯಲ್ಲಿ. ಅದು ಕೆಳಗಿನ ಬರ್ತಿನ ಅಡಿಯಲ್ಲಿ, ಅಲ್ಲಿರುವ ಬಳೆಗೆ ಸರಪಣಿ ಹಾಕಿ ಬೀಗ. ರಾತ್ರಿಗೆ ಬೇಕಾದದ್ದು, ಅಂದರೆ ಹಾಸು, ಹೊದಿಕೆ, ನೀರು, ದೀಪ, ಒಂದು ಕೈಚೀಲದಲ್ಲಿ. ಹಣ, ಟಿಕೇಟು, ಗುರುತಿನ ಚೀಟಿ, ಔಷಧ, ಮೊಬೈಲು ಮೈಗೆ ಅಂಟಿದ ಸಣ್ಣ ಚೀಲದಲ್ಲಿ. ಕೈಚೀಲ ತೆರೆದರೆ ಹಾಸಿಗೆಯೇ ಮೊದಲು ಕೈಗೆ ಬರುವಂತೆ ತುಂಬಬೇಕು. ಕತ್ತಲಲ್ಲಿ ಹುಡುಕಾಡುವವನು ತಾನೂ ಮಲಗುವುದಿಲ್ಲ, ಇತರರನ್ನೂ ಮಲಗಗೊಡುವುದಿಲ್ಲ.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. ನಡುವಿನ ಬರ್ತನ್ನು ಎತ್ತಿದ ಮೇಲೆ ಎರಡೂ ಕಡೆಯ ಸರಪಣಿಗಳ ಕೊಂಡಿ ಪೂರ್ತಿ ಕೂತಿದೆಯೇ ಎಂದು ಕೈಯಿಂದ ಜಗ್ಗಿ ನೋಡಿ, ಆಮೇಲೆ ಹತ್ತಬೇಕು. ೨೦೨೪ರ ಜೂನ್ ತಿಂಗಳಲ್ಲಿ ತೆಲಂಗಾಣದಲ್ಲಿ ಹೋಗುತ್ತಿದ್ದ ಒಂದು ಗಾಡಿಯಲ್ಲಿ ಮೇಲಿದ್ದ ಬರ್ತು ಕಳಚಿ ಬಿದ್ದು, ಕೆಳಗೆ ಮಲಗಿದ್ದ ಪ್ರಯಾಣಿಕರೊಬ್ಬರು ತೀವ್ರವಾಗಿ ಗಾಯಗೊಂಡು ತೀರಿಕೊಂಡರು. ಬರ್ತು ಮುರಿದಿರಲಿಲ್ಲ, ಸರಪಣಿಯನ್ನು ಸರಿಯಾಗಿ ಸಿಕ್ಕಿಸಿರಲಿಲ್ಲ ಎಂದು ರೈಲ್ವೆಯವರು ತಿಳಿಸಿದರು. ಒಂದು ಕ್ಷಣದ ಪರೀಕ್ಷೆ ಒಂದು ಪ್ರಾಣದ ಬೆಲೆಯದು. ಕೊಂಡಿ ಸಡಿಲವಾಗಿದ್ದರೆ ಆ ಬರ್ತಿನಲ್ಲಿ ಯಾರೂ ಮಲಗದೆ ಟಿ.ಟಿ.ಇ.ಯವರಿಗೆ ಹೇಳಿ, ಇಲ್ಲವೆ ೧೩೯ ಸಂಖ್ಯೆಗೆ ಫೋನು ಮಾಡಿ.

ಕೌದಿಯೂ ಕಾಂಥಾವೂ

ಹವಾನಿಯಂತ್ರಿತ ಡಬ್ಬಿಯಲ್ಲಿ ದಿಂಬು, ಹೊದಿಕೆ, ಹಾಸುವ ಬಟ್ಟೆ ಸಿಗುತ್ತವೆ. ಸ್ಲೀಪರ್ ದರ್ಜೆಯವರು ಸಾಮಾನ್ಯವಾಗಿ ತಾವೇ ಒಯ್ಯಬೇಕು. ಹಿಂದಿನವರು ಹೋಲ್ಡಾಲಿನಲ್ಲಿ ಇಡೀ ಹಾಸಿಗೆಯನ್ನೇ ಸುತ್ತಿ ಒಯ್ಯುತ್ತಿದ್ದರು. ಕಲ್ಕತ್ತೆಯವರ ಹೋಲ್ಡಾಲ್ ಪ್ರೀತಿಯಂತೂ ಪ್ರಸಿದ್ಧ. ಈಗ ಅಷ್ಟು ದೊಡ್ಡ ಗಂಟಿಗೆ ಎಡೆಯೂ ಇಲ್ಲ, ಅಗತ್ಯವೂ ಇಲ್ಲ.

ಬರ್ತಿನ ಮೇಲಿನ ರೆಕ್ಸಿನ್ ಬಟ್ಟೆಗೆ ಎರಡು ದೋಷಗಳಿವೆ. ಬೇಸಿಗೆಯಲ್ಲಿ ಅದು ಬೆವರನ್ನು ಹೀರುವುದಿಲ್ಲ, ಚಳಿಗಾಲದಲ್ಲಿ ತಣ್ಣಗೆ ಕೊರೆಯುತ್ತದೆ. ಜೊತೆಗೆ ಅದರ ಮೇಲೆ ಹಾಸಿದ ಬಟ್ಟೆ ಗಾಡಿಯ ಕುಲುಕಾಟಕ್ಕೆ ಜಾರಿ ಬೆಳಗಾಗುವ ಹೊತ್ತಿಗೆ ಕಾಲ ಬಳಿ ಮುದ್ದೆಯಾಗಿರುತ್ತದೆ. ಇವೆರಡಕ್ಕೂ ಮದ್ದು ನಮ್ಮ ಮನೆಯಲ್ಲೇ ಉಂಟು. ಅದು ಉತ್ತರ ಕರ್ನಾಟಕದ ಕೌದಿ. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿಟ್ಟು ಓಟುಹೊಲಿಗೆ ಹಾಕಿದ ಈ ಹೊದಿಕೆಗೆ ಬಂಗಾಳದಲ್ಲೊಬ್ಬ ತಂಗಿಯಿದ್ದಾಳೆ. ಅವಳ ಹೆಸರು ಕಾಂಥಾ. ಅಜ್ಜಿಯ ಸೀರೆಯಿಂದ ಹುಟ್ಟುವ ಇವೆರಡೂ ಬೆವರು ಹೀರುತ್ತವೆ, ಹಾಸಲೂ ಆಗುತ್ತವೆ, ಹೊದೆಯಲೂ ಆಗುತ್ತವೆ, ಮಡಚಿದರೆ ಕೈಚೀಲಕ್ಕೆ ಸೇರುತ್ತವೆ.

ಬರ್ತಿನ ಅಳತೆ ಸುಮಾರು ಆರಡಿ ಉದ್ದ, ಎರಡಡಿ ಅಗಲ. ಕೌದಿಯನ್ನು ಈ ಅಳತೆಗೆ ಮಡಚಿ, ನಾಲ್ಕು ಮೂಲೆಗೂ ಮೊಳದುದ್ದದ ಲಾಡಿ ಹೊಲಿಸಿಕೊಳ್ಳಿ. ಲಾಡಿಗಳನ್ನು ಬರ್ತಿನ ಸರಪಣಿಗೋ ಅಂಚಿನ ಕಂಬಿಗೋ ಕಟ್ಟಿದರೆ ಹಾಸು ಜಾರುವುದಿಲ್ಲ. ಅದರ ಮೇಲೆ ಚೀಲದಂತೆ ಹೊಲಿದ ಹತ್ತಿಯ ದುಪ್ಪಟಿ ಇದ್ದರೆ ಇನ್ನೂ ಒಳ್ಳೆಯದು. ದುಪ್ಪಟಿಯನ್ನು ಉದ್ದಕ್ಕೆ ಮಡಚಿ, ಕಾಲ ಕಡೆಯನ್ನು ಪೂರ್ತಿಯಾಗಿಯೂ ಪಕ್ಕವನ್ನು ಮೊಣಕಾಲಿನ ತನಕವೂ ಹೊಲಿದರಾಯಿತು. ಹೊದಿಕೆ ಕೆಳಗೆ ಬೀಳುವುದಿಲ್ಲ, ಕಾಲು ಗಾಳಿಗೆ ಬೀಳುವುದಿಲ್ಲ. ಚಳಿಗಾಲದಲ್ಲಿ ಕಲ್ಕತ್ತೆಯ ಗಲ್ಲಿಗಳಲ್ಲಿ ಬಿಲ್ಲು ಮಿಡಿಯುತ್ತ ಬರುವ ಧುನುರಿ ನಮ್ಮ ಊರಿನ ಪಿಂಜಾರನ ಕಸುಬಿನವನೇ. ಕೌದಿ ಇಲ್ಲದವರು ಅವನಿಂದ ಬರ್ತಿನ ಅಳತೆಗೆ ತೆಳುವಾದ ಹತ್ತಿ ಹಾಸಿಗೆಯೊಂದನ್ನು ಮಾಡಿಸಿಕೊಳ್ಳಬಹುದು. ಬಾಡಿಗೆ ಕೋಣೆಯ ನೆಲದ ಮೇಲೂ ಅದು ಉಪಯೋಗಕ್ಕೆ ಬರುತ್ತದೆ.

ದಿಂಬನ್ನು ಹೊರುವ ಕಷ್ಟವೇಕೆ? ಖಾಲಿ ದಿಂಬಿನ ಗವಸಣಿಗೆಯೊಂದನ್ನು ಒಯ್ಯಿರಿ. ಮರುದಿನ ತೊಡುವ ಅಂಗಿ, ಪಂಚೆ, ಸ್ವೆಟರುಗಳನ್ನು ಮಡಚಿ ಅದರೊಳಗೆ ತುಂಬಿದರೆ ದಿಂಬು ಸಿದ್ಧ. ಗಾಳಿ ತುಂಬುವ ದಿಂಬಿದ್ದರೆ ಮುಕ್ಕಾಲು ಪಾಲು ಮಾತ್ರ ತುಂಬಿ. ಪೂರ್ತಿ ಉಬ್ಬಿದ ದಿಂಬಿನ ಮೇಲೆ ತಲೆ ನಿಲ್ಲುವುದಿಲ್ಲ.

ಮೈ ಇಡುವ ಬಗೆ

'ಹಾಸಿಗೆ ಇದ್ದಷ್ಟು ಕಾಲು ಚಾಚು' ಎಂಬುದು ಇಲ್ಲಿ ಅಕ್ಷರಶಃ ನಿಜ. ಮಗ್ಗುಲಾಗಿ, ಮೊಣಕಾಲನ್ನು ತುಸು ಮಡಚಿ ಮಲಗುವುದು ಎರಡಡಿ ಜಾಗಕ್ಕೆ ಹೊಂದುತ್ತದೆ. ಆಗ ದಿಂಬಿನ ಎತ್ತರ ಕಿವಿಗೂ ಭುಜದ ತುದಿಗೂ ಇರುವ ಅಂತರದಷ್ಟಿರಬೇಕು. ಕಡಿಮೆಯಾದರೂ ಹೆಚ್ಚಾದರೂ ಬೆಳಿಗ್ಗೆ ಕತ್ತು ಹಿಡಿಯುತ್ತದೆ. ಸೊಂಟನೋವಿನವರು ಎರಡು ಮೊಣಕಾಲುಗಳ ನಡುವೆ ಮಡಚಿದ ಟವೆಲು ಇಟ್ಟುಕೊಳ್ಳಲಿ. ಬಂಗಾಳಿಗಳು ಮನೆಯಲ್ಲಿ ಕೋಲ್‌ಬಾಲಿಶ್ ಎಂಬ ಉದ್ದ ದಿಂಬನ್ನು ತಬ್ಬಿ ಮಲಗುವುದರಲ್ಲಿರುವ ಗುಟ್ಟೂ ಇದೇ. ಅಂಗಾತ ಮಲಗುವವರು ಮೊಣಕಾಲಿನ ಕೆಳಗೆ ಅದೇ ಟವೆಲನ್ನು ಇಟ್ಟರೆ ಸೊಂಟ ಹಗುರಾಗುತ್ತದೆ.

ಕೆಳಗಿನ ಮತ್ತು ನಡುವಿನ ಬರ್ತುಗಳಲ್ಲಿ ತಲೆಯನ್ನು ಕಿಟಕಿಯ ಕಡೆಗೆ ಇಡುವುದು ವಾಸಿ. ನಡೆದಾಡುವವರ ಚೀಲ, ಮೊಣಕೈಗಳು ತಲೆಗೆ ತಾಗುವುದಿಲ್ಲ. ಆದರೆ ರಾತ್ರಿ ಕಿಟಕಿಯ ಬಾಗಿಲು ಇಳಿಸಿರಬೇಕು, ಮೊಬೈಲು, ಕೈಗಡಿಯಾರಗಳನ್ನು ಕಿಟಕಿಯ ಬಳಿ ಇಡಬಾರದು. ಕಾಲುಗಳು ನಡೆದಾಡುವ ದಾರಿಗೆ ಚಾಚಿಕೊಳ್ಳದಿರಲಿ. ಮಗುವಿದ್ದರೆ ಗೋಡೆಯ ಕಡೆಗೆ ಮಗು, ಹೊರಗಡೆಗೆ ತಾಯಿ.

ಸೆಖೆಗಾಲದಲ್ಲಿ ಒಡಿಶಾ, ಆಂಧ್ರದ ಕರಾವಳಿಯ ಬೆವರಿಗೆ ಬಂಗಾಳದ ಗಾಮಛಾದಂಥ ಗೆಳೆಯನಿಲ್ಲ. ಒದ್ದೆ ಮಾಡಿ ಹಿಂಡಿ ಕತ್ತಿನ ಮೇಲೆ ಹಾಕಿಕೊಳ್ಳಬಹುದು. ಒಣಗಿದ ಮೇಲೆ ಕಣ್ಣಿಗೆ ಕಟ್ಟಿಕೊಂಡರೆ ದೀಪದ ಕಾಟ ತಪ್ಪುತ್ತದೆ. ಡಿಸೆಂಬರಿನಲ್ಲಿ ಹೌರಾದಿಂದ ಹೊರಡುವ ರಾತ್ರಿ ಚಳಿಯಿದ್ದು, ಮರುದಿನ ಆಂಧ್ರದ ಕರಾವಳಿಯಲ್ಲಿ ಬೆಚ್ಚಗಿರುತ್ತದೆ. ಆಗ ದಪ್ಪನೆಯ ಕಂಬಳಿಯೊಂದಕ್ಕಿಂತ ತೆಳುವಾದ ಎರಡು ಹೊದಿಕೆಗಳು ಹೆಚ್ಚು ಅನುಕೂಲ. ರಾತ್ರಿಯೂಟವನ್ನು ಎಂಟೂವರೆಯೊಳಗೆ ಹಗುರಾಗಿ ಮುಗಿಸಿ. ನೀರು ಕುಡಿಯುವುದನ್ನು ಹಗಲಿಗೆ ಹೆಚ್ಚಿಸಿ ಮಲಗುವ ಹೊತ್ತಿಗೆ ತಗ್ಗಿಸಿದರೆ ನಡುರಾತ್ರಿ ಏಣಿ ಇಳಿಯುವುದು ತಪ್ಪುತ್ತದೆ. ಮೇಲಿನ ಬರ್ತಿನವರು ಬೆಳಕಿರುವಾಗಲೇ ಒಮ್ಮೆ ಹತ್ತಿ ಇಳಿದು, ಕಾಲಿಡುವ ಮೆಟ್ಟಿಲುಗಳನ್ನು ಗುರುತು ಮಾಡಿಕೊಂಡಿರಲಿ. ಹಗಲಿನಲ್ಲಿ ಒಂದೆರಡು ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆದರೆ ಕಾಲು ಊದುವುದಿಲ್ಲ.

ಅರ್ಧ ಬರ್ತು, ಇಲ್ಲದ ಬರ್ತು

ಸಾವಿನ ಸುದ್ದಿ ಬಂದು ದಿಢೀರನೆ ಹೊರಡುವವನಿಗೆ ಪೂರ್ತಿ ಬರ್ತು ಎಲ್ಲಿಂದ ಸಿಗಬೇಕು? ಆರ್.ಎ.ಸಿ. ಸಿಕ್ಕಿದರೆ ಪಕ್ಕದ ಕೆಳಗಿನ ಬರ್ತನ್ನು ಇಬ್ಬರು ಹಂಚಿಕೊಳ್ಳಬೇಕು. ಇಬ್ಬರೂ ಇಡೀ ರಾತ್ರಿ ಅರೆಬರೆ ಒರಗಿ ಕೂತರೆ ಇಬ್ಬರಿಗೂ ನಿದ್ರೆಯಿಲ್ಲ. ಅದರ ಬದಲು ರಾತ್ರಿಯನ್ನೇ ಹಂಚಿಕೊಳ್ಳುವುದು ಜಾಣತನ. ಹತ್ತರಿಂದ ಎರಡರವರೆಗೆ ಒಬ್ಬನು ಕಾಲು ಚಾಚಲಿ, ಮತ್ತೊಬ್ಬನು ತುದಿಯಲ್ಲಿ ಕೂತಿರಲಿ. ಎರಡರಿಂದ ಆರರವರೆಗೆ ಸರದಿ ಬದಲಾಗಲಿ. ನಾಲ್ಕು ಗಂಟೆಯ ಒಂದೇ ಎಳೆಯ ನಿದ್ರೆ ಎಂಟು ಗಂಟೆಯ ತೂಕಡಿಕೆಗಿಂತ ಮೇಲು. ಹಾಗೆಯೇ ಖಾಲಿ ಬರ್ತಿನ ವಿಚಾರವಾಗಿ ಟಿ.ಟಿ.ಇ.ಯವರನ್ನು ಕೇಳುತ್ತಿರಬೇಕು.

ಸಾಮಾನ್ಯ ಡಬ್ಬಿಯಲ್ಲಿ ಕೂತೇ ಹೋಗಬೇಕಾದವರು ಗಾಮಛಾವನ್ನು ಸುರುಳಿ ಸುತ್ತಿ ಕತ್ತಿನ ಸುತ್ತ ಹಾಕಿಕೊಂಡರೆ ತಲೆ ಪಕ್ಕಕ್ಕೆ ವಾಲುವುದಿಲ್ಲ. ಗೋಡೆಗೋ ಜೊತೆಯವನ ಬೆನ್ನಿಗೋ ಒರಗಿ, ಪಾದಗಳನ್ನು ಚೀಲದ ಮೇಲೆ ಎತ್ತರಿಸಿ ಇಡಬೇಕು. ಎಷ್ಟೇ ಸೆಖೆಯಾದರೂ ಬಾಗಿಲ ಬಳಿ ಕೂತು ಕಣ್ಣು ಮುಚ್ಚಬಾರದು. ಬಾಗಿಲ ಗಾಳಿ ತಂಪಾಗಿರುತ್ತದೆ, ನಿಜ. ಆದರೆ ತೂಕಡಿಸಿದವನನ್ನು ಹಿಡಿಯಲು ಅಲ್ಲಿ ಏನೂ ಇಲ್ಲ. ಮನೆಯವರು ಕಾಯುತ್ತಿರುವುದು ಬೇಗ ಬರುವವನಿಗಾಗಿ ಅಲ್ಲ, ಬಂದು ಸೇರುವವನಿಗಾಗಿ.

ಬೆಳಗಿನ ಆರು ಗಂಟೆಗೆ ನಡುವಿನ ಬರ್ತು ಇಳಿಯಲೇಬೇಕು. ಹಾಸು ಬಿಚ್ಚಿ, ಕೊಡವಿ, ಮಡಚಿ, ಕೈಚೀಲದಲ್ಲಿ ಮತ್ತೆ ಮೇಲುಗಡೆಗೇ ಇಡಿ. ಮುಂದಿನ ರಾತ್ರಿಯ ನಿದ್ರೆ ಆಗಲೇ ಅರ್ಧ ಸಿದ್ಧವಾಯಿತು. ಮಧ್ಯಾಹ್ನ ಒಂದಿಷ್ಟು ಮಲಗಬೇಕೆನಿಸಿದರೆ ಮೇಲಿನ ಬರ್ತನ್ನು ಗೂಡಿನವರೆಲ್ಲ ಸರದಿಯಂತೆ ಉಪಯೋಗಿಸಲು ಅದರ ಒಡೆಯನನ್ನು ಕೇಳಿಕೊಳ್ಳಬಹುದು. ಒಳ್ಳೆಯ ಮಾತಿಗೆ ಒಪ್ಪದವರು ವಿರಳ.

ಕೊನೆಯದಾಗಿ ನಮ್ಮೊಳಗಿನ ಮಾತೊಂದು. ಊರಿಗೆ ಹೋಗಿಬಂದವರ ಕೌದಿ, ದುಪ್ಪಟಿ ಚೀಲ, ಬೀಗದ ಸರಪಣಿಗಳು ವರ್ಷದ ಹೆಚ್ಚಿನ ದಿನ ಪೆಟ್ಟಿಗೆಯಲ್ಲೇ ಇರುತ್ತವೆ. ಕೆಟ್ಟ ಸುದ್ದಿ ಕೇಳಿ ಸಂಜೆ ಗಾಡಿಗೇ ಓಡುವವನಿಗೆ ಹಾಸಿಗೆ ಜೋಡಿಸಿಕೊಳ್ಳಲು ಹೊತ್ತೂ ಇರುವುದಿಲ್ಲ, ಮನಸ್ಸೂ ಇರುವುದಿಲ್ಲ. ಅಂಥವನ ಕೈಗೆ ನಮ್ಮ ಮಡಚಿದ ಕೌದಿಯನ್ನು ಕೊಟ್ಟು ಕಳಿಸೋಣ. ಒಗೆದು ಹಿಂದಿರುಗಿಸಿದರೆ ಸಾಕು.